ಪಿಲ್ನಿಟ್ಸ್‌ನ ಹೂವು, ತಿಪಟೂರಿನ ಹಿತ್ತಲು

ಬಾಣಂತನಕ್ಕೆಂದು ಹೊರಟವಳು ಊರು ನೋಡುವುದುಂಟೆ? 2023ರ ಜನವರಿಯಲ್ಲಿ ಕೂಡಿಟ್ಟ ರಜೆಯನ್ನೆಲ್ಲ ಹಾಕಿ ನಾನು ಜರ್ಮನಿಯ ಡ್ರೆಸ್ಡೆನ್‌ಗೆ ಹೊರಟಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ "ಮೇಡಂ ಯುರೋಪ್ ಟೂರು ಹೊರಟರು" ಎಂದು ಛೇಡಿಸಿದರು. ನನ್ನ ಸೂಟ್‌ಕೇಸಿನಲ್ಲಿದ್ದದ್ದು ಮಾತ್ರ ಮೆಂತ್ಯ, ಓಮ, ಒಣಶುಂಠಿ, ಅಂಟಿನುಂಡೆಯ ಡಬ್ಬ, ಮಗುವಿಗೆ ಸುತ್ತಲು ಹಳೆಯ ವಾಯಿಲ್ ಸೀರೆಯ ತುಂಡುಗಳು. ಹತ್ತನೆಯ ತರಗತಿಯ ಸಮಾಜ ವಿಜ್ಞಾನದ ಪಾಠಗಳನ್ನು ಡಿಸೆಂಬರಿನಲ್ಲೇ ಮುಗಿಸಿಕೊಟ್ಟಿದ್ದೆ. ಆದರೂ ಪರೀಕ್ಷೆಯ ಹೊತ್ತಿಗೆ ಮಕ್ಕಳನ್ನು ಬಿಟ್ಟು ಹೋಗುತ್ತಿದ್ದೇನಲ್ಲ ಎಂಬ ಅಳುಕು ವಿಮಾನದಲ್ಲೂ ಜೊತೆಗೇ ಕೂತಿತ್ತು.

ಅಳಿಯನಿಗೆ ಅಲ್ಲಿ ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ಜನವರಿಯ ಕೊನೆಯಲ್ಲಿ ಮೊಮ್ಮಗಳು ಹುಟ್ಟಿದಳು. ಆಮೇಲಿನ ಏಳು ವಾರ ನಾನು ಕಂಡ ಯುರೋಪ್ ಎಂದರೆ ಅಡುಗೆಮನೆಯ ಕಿಟಕಿ, ಅದರಾಚೆ ಎಲೆಯಿಲ್ಲದ ಒಂದು ಮರ, ಬೂದಿ ಬಣ್ಣದ ಆಕಾಶ. ಮಾರ್ಚ್ ನಡುವಿನ ಒಂದು ಬೆಳಿಗ್ಗೆ ಬಿಸಿಲು ಬಂತು. ಮಗಳು ಒಮ್ಮೆಲೇ, "ಅಮ್ಮಾ, ಪಿಲ್ನಿಟ್ಸ್‌ಗೆ ಹೋಗೋಣ. ಅಲ್ಲೊಂದು ಹಳೆಯ ಅರಮನೆ ತೋಟ ಇದೆ. ಈಗ ಹೂವಿನ ಕಾಲ" ಎಂದಳು.

"ಇನ್ನೂ ಮೂರು ತಿಂಗಳು ತುಂಬಿಲ್ಲ ಕಣೇ, ಗಾಳಿಗೆ ಹೋಗ್ತೀಯಾ?" ಎಂದು ನಾನು ನನ್ನ ಅವ್ವನ ಧ್ವನಿಯಲ್ಲೇ ಗದರಿದೆ. ಮಗುವನ್ನು ದಿನಾ ಹೊರಗೆ ಕರೆದುಕೊಂಡು ಹೋಗಿ ಎಂದು ಇಲ್ಲಿಯ ಸೂಲಗಿತ್ತಿಯೇ ಹೇಳಿದ್ದಾಳೆ ಎಂದು ಅವಳು ವಾದಿಸಿದಳು. ಕೊನೆಗೆ ಅವಳ ಕಿವಿಗೆ ಹತ್ತಿ ಇಡಿಸಿ, ಮಫ್ಲರ್ ಸುತ್ತಿಸಿ, ಫ್ಲಾಸ್ಕಿನಲ್ಲಿ ಓಮದ ಕಷಾಯ ತುಂಬಿಕೊಂಡು ಹೊರಟೆವು.

ಟ್ರಾಮಿನ ಕೊನೆಯ ನಿಲ್ದಾಣದಲ್ಲಿ ಇಳಿದು ಸ್ವಲ್ಪ ನಡೆದರೆ ಎಲ್ಬೆ ನದಿ. ದಾಟಲು ಸೇತುವೆಯಿಲ್ಲ, ಕಾರುಗಳನ್ನೂ ಹೊರುವ ಚಪ್ಪಟೆ ದೋಣಿಯಿದೆ. ಮಗುವಿನ ಗಾಡಿಯನ್ನು ಭದ್ರವಾಗಿ ಹಿಡಿದು ನಿಂತೆ. ಎದುರು ದಡದಲ್ಲಿ ಹಳದಿ ಗೋಡೆಯ ಉದ್ದನೆಯ ಅರಮನೆ. ಅದರ ಮಾಡು ಮಾತ್ರ ಚೀನಾದ ಚಿತ್ರಗಳಲ್ಲಿ ಕಾಣುವಂತೆ ಅಂಚಿನಲ್ಲಿ ಬಾಗಿತ್ತು. ಸ್ಯಾಕ್ಸನಿಯ ದೊರೆ ಬಲಶಾಲಿ ಅಗಸ್ಟಸ್ ತನ್ನ ವಾಸ್ತುಶಿಲ್ಪಿ ಪೋಪೆಲ್ಮನ್‌ನಿಂದ 1720ರ ನಂತರ ಕಟ್ಟಿಸಿದ್ದು. ದೊರೆಗಳು ಡ್ರೆಸ್ಡೆನ್ ನಗರದಿಂದ ದೋಣಿಯಲ್ಲಿ ಬಂದು ಸೀದಾ ಅರಮನೆಯ ಮೆಟ್ಟಿಲಿಗೇ ಇಳಿಯುತ್ತಿದ್ದರಂತೆ. ನದಿ ಸುಮ್ಮನಿದ್ದಾಗ ಚಂದ. 2002ರ ಆಗಸ್ಟಿನಲ್ಲಿ ಇದೇ ಎಲ್ಬೆ ಡ್ರೆಸ್ಡೆನ್‌ನಲ್ಲಿ 9.40 ಮೀಟರ್ ಎತ್ತರಕ್ಕೆ ಏರಿ ಊರನ್ನೇ ಮುಳುಗಿಸಿತ್ತು.

ಪಿಲ್ನಿಟ್ಸ್ ಎಂಬ ಹೆಸರು ನನಗೆ ಹೊಸದಲ್ಲ. ಬಿ.ಎ.ಯಲ್ಲಿ ಫ್ರಾನ್ಸಿನ ಕ್ರಾಂತಿಯನ್ನು ಓದುವಾಗ 'ಪಿಲ್ನಿಟ್ಸ್ ಘೋಷಣೆ' ಎಂದು ಬಾಯಿಪಾಠ ಮಾಡಿದ್ದೆ. 1791ರ ಆಗಸ್ಟ್ 27ರಂದು ಆಸ್ಟ್ರಿಯದ ಲಿಯೋಪೋಲ್ಡ್ ಮತ್ತು ಪ್ರಷ್ಯದ ಫ್ರೆಡ್ರಿಕ್ ವಿಲಿಯಂ ಇಬ್ಬರೂ ಇಲ್ಲಿ ಸೇರಿ, ಫ್ರಾನ್ಸಿನ ರಾಜನ ಬೆಂಬಲಕ್ಕೆ ನಿಲ್ಲುವುದಾಗಿ ಸಾರಿದ್ದರು. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಆ ಎರಡು ಅಂಕದ ಊರಿನಲ್ಲಿ ಮೊಮ್ಮಗಳ ಗಾಡಿ ತಳ್ಳಿಕೊಂಡು ನಡೆಯುತ್ತೇನೆಂದು ಯಾರಿಗೆ ಗೊತ್ತಿತ್ತು?

ಒಳಗೆ ಹೋದರೆ ವಸಂತ ಇನ್ನೂ ಕಣ್ಣು ಬಿಡುತ್ತಿತ್ತು. ಮರಗಳೆಲ್ಲ ಬೋಳು. ಆದರೆ ಅವುಗಳ ಬುಡದಲ್ಲಿ, ಹಳೆಯ ಹುಲ್ಲಿನ ನಡುವೆ, ಬಿಳಿಯ ಗಂಟೆಗಳಂತೆ ತಲೆತಗ್ಗಿಸಿದ ಸ್ನೋಡ್ರಾಪ್ ಹೂಗಳು, ನೇರಳೆ, ಹಳದಿ ಕ್ರೋಕಸ್‌ಗಳು. ಗೇಣುದ್ದವೂ ಇಲ್ಲ. ಎಲೆಗಳಿಗಿಂತ ಮೊದಲು ಬರುವ ಈ ಹೂಗಳಿಗೆ ಅವಸರವಿದೆ. ಮೇಲಿನ ಮರಗಳು ಎಲೆಬಿಟ್ಟು ನೆರಳು ಮಾಡುವ ಮೊದಲೇ ಬಿಸಿಲನ್ನು ಕುಡಿದು ಮುಗಿಸಿ, ಗೆಡ್ಡೆಯಲ್ಲಿ ಕೂಡಿಟ್ಟು ಮತ್ತೆ ಮಣ್ಣಿನೊಳಗೆ ಮಲಗಿಬಿಡುತ್ತವೆ. ಮನೆಮಂದಿ ಏಳುವ ಮೊದಲೇ ತಮ್ಮ ಕೆಲಸ ಮುಗಿಸಿಕೊಳ್ಳುವ ಹೆಂಗಸರನ್ನು ನೆನೆದು ನನಗೆ ನಗು ಬಂತು.

ಮಗಳು ನನ್ನನ್ನು ಕರೆತಂದದ್ದು ಇವುಗಳಿಗಾಗಿ ಅಲ್ಲ. ತೋಟದ ಒಂದು ಕಡೆ ದೊಡ್ಡ ಗಾಜಿನ ಮನೆ, ಅದರೊಳಗೆ ಒಂದೇ ಒಂದು ಮರ. ಕಮೀಲಿಯಾ. ಸುಮಾರು ಒಂಬತ್ತು ಮೀಟರ್ ಎತ್ತರ, ಅದಕ್ಕಿಂತ ಅಗಲದ ಹರವು. ಹೊಳೆಯುವ ಕಡುಹಸಿರು ಎಲೆ, ಎಲೆಗಿಂತ ಹೆಚ್ಚು ಕೆಂಪು ಹೂ. ನಮ್ಮ ಒಂಟಿ ಸುತ್ತಿನ ದಾಸವಾಳವನ್ನು ಚಿಕ್ಕದು ಮಾಡಿ, ನಡುವೆ ಹಳದಿ ಕೇಸರಗಳ ಗೊಂಚಲು ಇಟ್ಟ ಹಾಗೆ. ಒಂದು ಋತುವಿನಲ್ಲಿ 35,000ದವರೆಗೂ ಹೂ ಬಿಡುತ್ತದಂತೆ. ಫೆಬ್ರವರಿ ನಡುವಿನಿಂದ ಏಪ್ರಿಲ್‌ವರೆಗೆ ಅದರ ಸುಗ್ಗಿ. ಹೂವು ಕಂಡರೆ ಮೂಗಿಗೆ ಹಿಡಿಯುವುದು ನಮ್ಮ ಹುಟ್ಟುಗುಣವಲ್ಲವೆ? ಕೆಳಗೆ ಬಿದ್ದ ಒಂದನ್ನು ಎತ್ತಿ ಮೂಸಿದೆ. ಏನೂ ಇಲ್ಲ. ಇಷ್ಟು ದೊಡ್ಡ ಮರಕ್ಕೆ ಒಂದು ಎಸಳು ಮಲ್ಲಿಗೆಯಷ್ಟೂ ಪರಿಮಳವಿಲ್ಲ. ಆದರೂ ಇದು ನಮಗೆ ಪರಕೀಯಳಲ್ಲ. ನಾವು ಬೆಳಿಗ್ಗೆ ಎದ್ದು ಕುದಿಸುವ ಚಹಾ ಇದೇ ಕಮೀಲಿಯಾ ಕುಲದ ಇನ್ನೊಂದು ಗಿಡದ ಎಲೆ. ಇವಳು ಹೂವಿಗೆ ಹೆಸರಾದ ಅಕ್ಕ, ಅವಳು ಎಲೆಗೆ ಹೆಸರಾದ ತಂಗಿ.

ಜಪಾನಿನಿಂದ ಬಂದ ಈ ಗಿಡವನ್ನು ಈಗಿನ ಜಾಗದಲ್ಲಿ ನೆಟ್ಟದ್ದು 1801ರಲ್ಲಿ. ಮೊದಲ ಚಳಿಗಾಲಗಳಲ್ಲಿ ಹುಲ್ಲು ಚಾಪೆ ಹೊದಿಸಿ ಕಾಪಾಡಿದರು. ಬೆಳೆದ ಮೇಲೆ ಪ್ರತಿ ಚಳಿಗಾಲಕ್ಕೂ ಮರದ ಹಲಗೆಯ ಮನೆ ಕಟ್ಟಿ ಒಳಗೆ ಒಲೆ ಉರಿಸುತ್ತಿದ್ದರು. 1905ರ ಜನವರಿಯ ಒಂದು ರಾತ್ರಿ ಆ ಹಲಗೆ ಮನೆಗೇ ಬೆಂಕಿ ಬಿತ್ತು. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ. ಬೆಂಕಿ ಆರಿಸಲು ಸುರಿದ ನೀರು ಕೊಂಬೆಗಳ ಮೇಲೆಯೇ ಹೆಪ್ಪುಗಟ್ಟಿ ಹಿಮದ ಕವಚವಾಯಿತು. ಮರ ಸತ್ತಿತೆಂದೇ ಎಲ್ಲರೂ ತಿಳಿದರು. ಆದರೆ ಅದು ಮತ್ತೆ ಚಿಗುರಿತು. ಈಗಿನ ಗಾಜಿನ ಮನೆ 1992ರದ್ದು. 54 ಟನ್ ತೂಕ, ಹಳಿಯ ಮೇಲೆ ಚಲಿಸುತ್ತದೆ. ಮೇ ತಿಂಗಳಲ್ಲಿ ಮರವನ್ನು ಬಯಲಿಗೆ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ, ಅಕ್ಟೋಬರಿನಲ್ಲಿ ಮತ್ತೆ ಬಂದು ಹೊದಿಸುತ್ತದೆ. ಒಳಗಿನ ತಾಪ, ತೇವ ಎಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಬಾಣಂತಿ ಕೋಣೆಗಿಂತ ಹೆಚ್ಚಿನ ಆರೈಕೆ!

ಅಷ್ಟರಲ್ಲಿ ಮಗಳು ಫೋನಿನಲ್ಲಿ ಏನನ್ನೋ ಓದಿ, "ಅಮ್ಮಾ, ಲಾಲ್‌ಬಾಗಿನ ಪಕ್ಕ ಕೃಂಬಿಗಲ್ ರಸ್ತೆ ಇದೆಯಲ್ಲ, ಆ ಕೃಂಬಿಗಲ್ ತೋಟಗಾರಿಕೆ ಕಲಿತದ್ದು ಇದೇ ಪಿಲ್ನಿಟ್ಸ್‌ನಲ್ಲಂತೆ" ಎಂದಳು. ನಾನು ಗಾಜಿನ ಮನೆಯ ಮೆಟ್ಟಿಲ ಮೇಲೆ ನಿಂತೇಬಿಟ್ಟೆ. ಗುಸ್ತಾವ್ ಹರ್ಮನ್ ಕೃಂಬಿಗಲ್ ಹುಟ್ಟಿದ್ದು 1865ರಲ್ಲಿ, ಇಲ್ಲಿಗೆ ಹತ್ತಿರದ ಲೋಮೆನ್ ಎಂಬ ಊರಿನಲ್ಲಿ. ಇಲ್ಲಿ ಕಲಿತು, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ದುಡಿದು, 1893ರಲ್ಲಿ ಬರೋಡೆಯ ಮಹಾರಾಜರ ತೋಟಗಳಿಗೆ ಬಂದ. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸಂಸ್ಥಾನಕ್ಕೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತು, 1932ರಲ್ಲಿ ನಿವೃತ್ತನಾದ. ಒಂದು ಮರದ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ, ವರ್ಷವಿಡೀ ಯಾವುದಾದರೊಂದು ಬೀದಿ ಬಣ್ಣದಲ್ಲಿರುವಂತೆ ಬೆಂಗಳೂರಿನಲ್ಲಿ ಮರ ನೆಡಿಸಿದವನು ಅವನು. ತನ್ನ ದೇಶಕ್ಕೆ ಮರಳಲಿಲ್ಲ. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡ, ಅಲ್ಲಿಯ ಮಣ್ಣಿನಲ್ಲೇ ಇದ್ದಾನೆ. ಹಲಗೆ ಮನೆಯೊಳಗಿನ ಈ ಕಮೀಲಿಯಾವನ್ನು ಆ ಹುಡುಗ ನೋಡಿರದೆ ಇರಲಾರ.

ನನಗೆ ಅವ್ವನ ನೆನಪಾಯಿತು. ಅವ್ವ ತಿಪಟೂರು ಬಿಟ್ಟು ಹೊರಗೆ ಹೋದದ್ದೇ ಕಡಿಮೆ. ಒಂದು ಸಲ ಮಾತ್ರ ಅಪ್ಪ ನಮ್ಮನ್ನು ರೈಲಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ತೋರಿಸಿದ್ದರು. ಎಲ್ಲರೂ ಗಾಜಿನ ಮನೆಯೊಳಗಿನ ಹೂವಿನ ಅಲಂಕಾರ ನೋಡುತ್ತಿದ್ದರೆ ಅವ್ವ ಕುಂಡದ ಮಣ್ಣನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಳು. "ಎಲೆಗೊಬ್ಬರ ಜಾಸ್ತಿ ಹಾಕವ್ರೆ" ಎಂದಳು. ವಾಪಸು ಬರುವಾಗ ಅವಳ ಮಡಿಲಿನಲ್ಲಿ ಎರಡು ರೂಪಾಯಿಯ ಒಂದು ಗುಲಾಬಿ ಸಸಿ.

ಆ ಗುಲಾಬಿ ಹೋಗಿ ಸೇರಿದ್ದು ನಮ್ಮ ಹಿತ್ತಲನ್ನು. ತೆಂಗಿನ ಮರಗಳ ನಡುವಿನ ಆ ಹಿತ್ತಲಲ್ಲಿ ಏನಿರಲಿಲ್ಲ? ಕಾಕಡ, ದುಂಡುಮಲ್ಲಿಗೆ, ಕನಕಾಂಬರ, ದವನ, ಮರುಗ, ಐದು ಬಗೆಯ ದಾಸವಾಳ, ಬಚ್ಚಲ ನೀರು ಹರಿಯುವ ಕಡೆ ಬಸಳೆ, ಕೆಸು, ಗೋಡೆಯ ಮಗ್ಗುಲಿಗೆ ದೊಡ್ಡಪತ್ರೆ. ಬೆಳಗಿನ ಹೊತ್ತು ಓಣಿಯ ಹೆಂಗಸರೆಲ್ಲ ಹೂವಿಗೆ ಬರುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಯಾರೋ ಗಂಡಸೇ ಮಾಡಿರಬೇಕು. ಮಕ್ಕಳಿಗೆ ಕೆಮ್ಮಾದರೆ ಇಡೀ ಓಣಿಗೆ ಅವ್ವನ ಹಿತ್ತಲೇ ಮದ್ದು.

ಮಗು ಅತ್ತಿತು. ಹಾಲುಣಿಸಲು ಮಗಳು ಬೇಲಿತೋಟದ ಮರೆಯ ಬೆಂಚೊಂದನ್ನು ಹುಡುಕಿ ಕೂತಳು. ಆಳೆತ್ತರದ ಗಿಡಗಳನ್ನು ಗೋಡೆಯಂತೆ ಕತ್ತರಿಸಿ, ನಡುವೆ ಸಣ್ಣ ಸಣ್ಣ ಕೋಣೆಗಳನ್ನು ಮಾಡಿದ್ದಾರೆ. ಎಲೆಯಿಲ್ಲದ ಆ ಕಾಲದಲ್ಲಿ ಕಂದು ಕಡ್ಡಿಗಳ ಗೋಡೆ. ತೋಟದ ಅತಿ ಹಳೆಯ ಭಾಗ ಇದು, ಕೋಸೆಲ್ ಎಂಬಾಕೆಯ ಕಾಲದಿಂದಲೇ ಇದೆ ಎನ್ನುತ್ತಾರೆ. ಯಾರೀಕೆ ಎಂದು ಕೇಳಿದೆ. ಮಗಳು ಮಗುವನ್ನು ಎದೆಗಿಟ್ಟುಕೊಂಡು ಹೇಳುತ್ತ ಹೋದಳು. ಆಮೇಲೆ ಮನೆಗೆ ಬಂದು ನಾನೂ ಓದಿಕೊಂಡೆ.

ಅನ್ನಾ ಕಾನ್ಸ್ಟಾಂಟಿಯಾ ಹುಟ್ಟಿದ್ದು 1680ರಲ್ಲಿ. ಓದು ಬಲ್ಲವಳು, ಕುದುರೆ ಸವಾರಿ ಬಲ್ಲವಳು, ಮಾತಿನಲ್ಲಿ ಯಾರಿಗೂ ಸೋಲದವಳು. ಮದುವೆ ಮುರಿದಿತ್ತು. ದೊರೆ ಅಗಸ್ಟಸ್ ಅವಳನ್ನು ಬಯಸಿದ. ಅವನಿಗೆ ಪಟ್ಟದ ರಾಣಿಯಿದ್ದಳು. ಬರಿಯ ಮಾತಿಗೆ ಬರುವವಳಲ್ಲ ಈಕೆ. ಕಾಗದ ಕೇಳಿದಳು. 1705ರಲ್ಲಿ ದೊರೆ ಗುಟ್ಟಾಗಿ ಬರೆದುಕೊಟ್ಟ: ರಾಣಿ ತೀರಿಕೊಂಡರೆ ನೀನೇ ರಾಣಿ, ನಿನ್ನ ಮಕ್ಕಳು ನನ್ನ ಮಕ್ಕಳು ಎಂದು. ಕೋಸೆಲ್ ಎಂಬ ಬಿರುದು ಬಂತು, ನಗರದಲ್ಲಿ ಅರಮನೆ ಬಂತು, ಈ ಪಿಲ್ನಿಟ್ಸ್ ಬಂತು. ಮೂರು ಮಕ್ಕಳಾದವು. ರಾಜಕೀಯದಲ್ಲೂ ತನಗೆ ಕಂಡದ್ದನ್ನು ಹೇಳುತ್ತಿದ್ದಳು. ಅದೇ ಮುಳುವಾಯಿತೋ ಏನೋ. ಅಗಸ್ಟಸ್ ಪೋಲೆಂಡಿಗೂ ರಾಜ. ಅಲ್ಲಿಯ ಶ್ರೀಮಂತರನ್ನು ಒಲಿಸಿಕೊಳ್ಳಲು ಅಲ್ಲಿಯವಳೇ ಒಬ್ಬಳು ಬೇಕಾದಳು. 1713ರಲ್ಲಿ ಕೋಸೆಲ್‌ಳನ್ನು ನಗರದಿಂದ ಹೊರಗಟ್ಟಿ ಇಲ್ಲಿ, ಈ ತೋಟದಲ್ಲಿ ಇರಿಸಿದರು.

ಆಮೇಲೆ ದೊರೆ ಕೇಳಿದ್ದು ಒಂದೇ: ಆ ಕಾಗದ ವಾಪಸು ಕೊಡು. ಅವಳು ಕೊಡಲಿಲ್ಲ. 1715ರ ಡಿಸೆಂಬರಿನಲ್ಲಿ, ಬೇರೆಯವರ ಬಳಿ ಭದ್ರವಾಗಿಟ್ಟಿದ್ದ ಆ ಕಾಗದಕ್ಕಾಗಿಯೇ ಪ್ರಷ್ಯಕ್ಕೆ ತಪ್ಪಿಸಿಕೊಂಡು ಹೋದಳು. ಮರುವರ್ಷ ಹಾಲೆ ಎಂಬ ಊರಿನಲ್ಲಿ ಹಿಡಿದರು. ಪ್ರಷ್ಯದವರು ಸೈನ್ಯ ಬಿಟ್ಟು ಓಡಿಬಂದಿದ್ದ ತಮ್ಮ ಸಿಪಾಯಿಗಳನ್ನು ಪಡೆದು, ಬದಲಿಗೆ ಅವಳನ್ನು ಒಪ್ಪಿಸಿದರು. 1716ರ ಕ್ರಿಸ್‌ಮಸ್ ಹಿಂದಿನ ದಿನ ಸ್ಟೋಲ್ಪೆನ್ ಕೋಟೆಯ ಬಾಗಿಲು ಅವಳ ಹಿಂದೆ ಮುಚ್ಚಿತು. ವಿಚಾರಣೆಯಿಲ್ಲ, ತೀರ್ಪಿಲ್ಲ. ಆಗ ಅವಳಿಗೆ ಮೂವತ್ತಾರು. ಮಕ್ಕಳು ಬೇರೆ ಕಡೆ ಬೆಳೆದರು. ಅವಳ ಕೈತಪ್ಪಿದ ಈ ತೋಟದಲ್ಲಿ ದೊರೆ ಚೀನೀ ಮಾಡಿನ ಅರಮನೆಗಳನ್ನು ಎಬ್ಬಿಸಿ ಹಬ್ಬ ನಡೆಸಿದ. 1727ರಲ್ಲಿ ರಾಣಿ ತೀರಿಕೊಂಡಳು. ಕಾಗದದ ಪ್ರಕಾರ ಅಂದು ಕೋಸೆಲ್ ರಾಣಿಯಾಗಬೇಕಿತ್ತು, ಆದರೆ ಅವಳು ಸೆರೆಯಲ್ಲೇ ಇದ್ದಳು. 1733ರಲ್ಲಿ ದೊರೆಯೂ ಸತ್ತ. ಆಗಲೂ ಹೊರಗೆ ಬರಲಿಲ್ಲ. 1765ರ ಮಾರ್ಚ್ 31ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಆ ಕೋಟೆಯೊಳಗೇ ತೀರಿಕೊಂಡಳು. ನಲವತ್ತೆಂಟು ವರ್ಷ, ಮೂರು ತಿಂಗಳು.

"ಕಾಗದ ಕೊಟ್ಟುಬಿಟ್ಟಿದ್ದರೆ ಆಗುತ್ತಿತ್ತು ಅಲ್ಲವೇನಮ್ಮ? ಹಾಯಾಗಿ ಈ ತೋಟದಲ್ಲೇ ಇರಬಹುದಿತ್ತು" ಎಂದಳು ಮಗಳು.

ನಾನು ಉತ್ತರ ಹೇಳಲಿಲ್ಲ. ಕಾಗದ ಕೊಟ್ಟುಬಿಟ್ಟ ಹೆಂಗಸು ಎಷ್ಟು ಹಾಯಾಗಿರುತ್ತಾಳೆ ಎಂಬುದನ್ನು ನಾನು ಬಲ್ಲೆ. ಮಗಳಿಗೆ ಎಂದೂ ಹೇಳದಿದ್ದ ಅದನ್ನು ಅಂದು ಆ ಬೆಂಚಿನ ಮೇಲೆ ಕೂತು ಹೇಳಿದೆ.

1988ರಲ್ಲಿ ಅಪ್ಪ ತೀರಿಕೊಂಡರು. ನನಗೆ ಹತ್ತೊಂಬತ್ತು, ಬಿ.ಎ. ಓದುತ್ತಿದ್ದೆ. ವರ್ಷಾಬ್ದಿಕ ಮುಗಿದ ವಾರಕ್ಕೆ ದೊಡ್ಡಪ್ಪನ ಕಡೆಯವರು ಛಾಪಾ ಕಾಗದ ತಂದರು. ಹಕ್ಕು ಬಿಡುಗಡೆ ಪತ್ರ. ಮನೆ, ಹಿತ್ತಲು, ತೆಂಗಿನ ಮರ ಎಲ್ಲ ಒಂದೇ ಹೆಸರಿಗೆ ಇದ್ದರೆ ಅನುಕೂಲ, ಹುಡುಗಿಯ ಮದುವೆ ನಾವು ಮಾಡುತ್ತೇವೆ, ಅತ್ತಿಗೆಗೆ ಊಟಕ್ಕೇನು ಕೊರತೆ ಎಂದರು. ಗಂಡನ ಪಾಲಿನಲ್ಲಿ ಹೆಂಡತಿಗೂ ಮಗಳಿಗೂ 1956ರ ಕಾಯ್ದೆಯಲ್ಲೇ ಹಕ್ಕಿತ್ತು. ಅದಿಲ್ಲದಿದ್ದರೆ ನಮ್ಮ ಸಹಿ ಅವರಿಗೆ ಯಾಕೆ ಬೇಕಾಗುತ್ತಿತ್ತು? ಅಷ್ಟು ಯೋಚಿಸುವ ಬುದ್ಧಿ ಆಗ ಇರಲಿಲ್ಲ. ಅವ್ವ ಹಿತ್ತಲಲ್ಲಿ ಪಾತಿ ಮಾಡುತ್ತಿದ್ದವಳು ಕೈ ತೊಳೆದು ಬಂದು, ಉಗುರಿನ ಸಂದಿಯ ಮಣ್ಣಿನೊಂದಿಗೇ ಸಹಿ ಹಾಕಿದಳು. ಅವಳ ಕೆಳಗೆ ನಾನೂ ಹಾಕಿದೆ. ದುಂಡಗಿನ ಅಕ್ಷರದಲ್ಲಿ, ಪರೀಕ್ಷೆಯಲ್ಲಿ ಬರೆಯುವಂತೆ. ಐದು ನಿಮಿಷದ ಕೆಲಸ.

ನನ್ನ ಮದುವೆ ಮಾಡಿದರು, ಇಲ್ಲವೆನ್ನುವುದಿಲ್ಲ. ಆಮೇಲೆ ಹಿತ್ತಲಲ್ಲಿ ಬಾಡಿಗೆಗೆಂದು ನಾಲ್ಕು ಮನೆ ಕಟ್ಟಿದರು. ಗಿಡ ಕಡಿಯುವ ದಿನ ಅವ್ವ ಒಂದು ಮಾತೂ ಆಡದೆ ಒಳಗೆ ರಾಗಿ ಬೀಸುತ್ತ ಕೂತಿದ್ದಳಂತೆ. ಬಳಿಕ ನನ್ನ ಬಾಡಿಗೆ ಮನೆಗೆ ಬಂದಳು. ಬರುವಾಗ ಡಾಲ್ಡಾ ಡಬ್ಬದಲ್ಲಿ ಒಂದು ದುಂಡುಮಲ್ಲಿಗೆಯ ಕಡ್ಡಿ. 2011ರಲ್ಲಿ ತೀರಿಕೊಳ್ಳುವವರೆಗೂ, ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ಅವಳು ಮೊದಲು ಎತ್ತಿಕೊಳ್ಳುತ್ತಿದ್ದದ್ದು ಆ ಡಬ್ಬವನ್ನೇ. "ನೆಲಕ್ಕೆ ಹಾಕು ಅವ್ವ, ಚೆನ್ನಾಗಿ ಬೆಳೀತದೆ" ಎಂದರೆ, "ಮಂದಿ ನೆಲ ಕಣವ್ವ, ಬ್ಯಾಡ" ಎನ್ನುತ್ತಿದ್ದಳು.

ಕತೆ ಮುಗಿದಾಗ ಮೊಮ್ಮಗಳು ನಿದ್ದೆ ಹೋಗಿದ್ದಳು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗಿನ ನಮ್ಮ ಮನೆ ಯಾರ ಹೆಸರಲ್ಲಿದೆ ಅಮ್ಮ?" ಎಂದು ಕೇಳಿದಳು.

ಆ ಪ್ರಶ್ನೆಗೆ ನಾನು ಸಿದ್ಧಳಿರಲಿಲ್ಲ. ಸಾಲದ ಕಂತು ಹದಿನೈದು ವರ್ಷ ನನ್ನ ಸಂಬಳದಿಂದ ಹೋಗಿತ್ತು. ಪತ್ರ ಮಾತ್ರ ಅವರೊಬ್ಬರ ಹೆಸರಿನಲ್ಲಿತ್ತು. ಯಾರೂ ಒತ್ತಾಯ ಮಾಡಿರಲಿಲ್ಲ. ಯಾರ ಹೆಸರಲ್ಲಿದ್ದರೇನು ಎಂದು ನಾನೇ ಅಂದಿದ್ದೆ. ನಮ್ಮ ರಾಜ್ಯದಲ್ಲಿ 1994ರಿಂದ, ದೇಶದಲ್ಲಿ 2005ರಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ವರ್ಷವರ್ಷವೂ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಸುವ ಟೀಚರು ನಾನು!

ದೋಣಿಗೆ ಮರಳುವಾಗ ಮತ್ತೊಮ್ಮೆ ಕಮೀಲಿಯಾದ ಕಡೆ ನೋಡಿದೆ. ಗಾಜಿನ ಹಿಂದೆ ಕೆಂಪು ಮಸುಕಾಗಿ ಕಾಣುತ್ತಿತ್ತು. ಒಂದು ಮರದ ಚಳಿ ಕಾಯಲು ಐವತ್ತನಾಲ್ಕು ಟನ್ ಗಾಜು, ಕಬ್ಬಿಣ. ತಪ್ಪೆನ್ನುವುದಿಲ್ಲ, ಅಷ್ಟು ಕಾಯ್ದದ್ದರಿಂದಲೇ ಇನ್ನೂರು ವರ್ಷದ ಹೂವನ್ನು ನಾನೂ ನೋಡಿದೆ. ಆದರೆ ಇಲ್ಲಿಗೆ ಹೆಚ್ಚು ದೂರವಲ್ಲದ ಕಪ್ಪು ಬಂಡೆಯ ಕೋಟೆಯಲ್ಲಿ ನಲವತ್ತೆಂಟು ಚಳಿಗಾಲ ಕಳೆದವಳ ನೆನಪು ಆ ಗಾಜಿನ ಹೊಳಪಿನ ಮೇಲೆ ಕೂತುಬಿಟ್ಟಿತ್ತು.

ಏಪ್ರಿಲಿನಲ್ಲಿ ಊರಿಗೆ ಬಂದೆ. ಎರಡು ದಿನ ಬಿಟ್ಟು ರಾತ್ರಿ ಊಟದ ಹೊತ್ತಿಗೆ ಯಜಮಾನರಿಗೆ ಹೇಳಿದೆ. "ಈಗ ಯಾಕೆ ಅದೆಲ್ಲ? ನಾನೇನು ಮನೆಯಿಂದ ಹೊರಗೆ ಹಾಕ್ತೀನಾ?" ಎಂದರು. ಕೋಪವಿರಲಿಲ್ಲ, ನೋವಿತ್ತು. ನನಗೂ ಗಂಟಲು ಕಟ್ಟಿತು. ಆದರೂ, "ಹಾಕಲ್ಲ ಅಂತ ಗೊತ್ತು. ಅದಕ್ಕೇ ಕೇಳ್ತಿದ್ದೀನಿ" ಎಂದೆ. ಮೂರು ದಿನ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ನಾಲ್ಕನೆಯ ದಿನ ಅವರೇ ಬೀರುವಿನಿಂದ ಪತ್ರದ ಫೈಲು ತೆಗೆದು ಮೇಜಿನ ಮೇಲಿಟ್ಟರು. ಗಂಡ ಹೆಂಡತಿಗೆ ಬರೆದುಕೊಡುವ ದಾನಪತ್ರಕ್ಕೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಕಡಿಮೆ ಎಂದು ಪತ್ರ ಬರಹಗಾರರನ್ನು ಕೇಳಿ ತಿಳಿದುಕೊಂಡೂ ಬಂದಿದ್ದರು. ಮೇ ತಿಂಗಳ ರಜೆಯಲ್ಲಿ ಇಬ್ಬರೂ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಬಂದೆವು. ಅರ್ಧ ನನ್ನ ಹೆಸರಿಗೆ ಬಂತು. ಆ ಸಂಜೆ ಅವರೇ ಹೋಟೆಲಿನಿಂದ ಮೈಸೂರು ಪಾಕು ತಂದರು.

ಮನೆಯ ಹಿಂದೆ ಹತ್ತಡಿ ಅಗಲದ ನೆಲವಿದೆ. ಇಷ್ಟು ವರ್ಷ ಬಟ್ಟೆ ಒಣಗಿಸಲು ಮಾತ್ರ ಬಳಸುತ್ತಿದ್ದೆ. ಅವ್ವನ ಮಲ್ಲಿಗೆ ಡಬ್ಬ ತುಕ್ಕು ಹಿಡಿದ ಮೇಲೆ ಪ್ಲಾಸ್ಟಿಕ್ ಕುಂಡಕ್ಕೆ ಬಂದು ತಾರಸಿಯ ಮೇಲಿತ್ತು. ಜೂನಿನ ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಗುಂಡಿ ತೋಡಿ ಅದನ್ನು ನೆಲಕ್ಕೆ ಹಾಕಿದೆ. ಉಗುರಿನ ಮಣ್ಣು ಪೂರ್ತಿ ಹೋಗಿರಲಿಲ್ಲ. ಹಾಗೆಯೇ ಹೋಗಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದೆ.